ಲೇತಿಗೆ ಯಾವ ವಿಡಿಯಾ ತುದಿ?

ವುಡ್‌ಬ್ರಿಡ್ಜಿನ ದೀರ್ಘ ಚಳಿಗಾಲದಲ್ಲಿ ಬೇಸ್‌ಮೆಂಟಿನ ಪುಟ್ಟ ಲೇತ್ ನಮಗೆ ಒಳ್ಳೆಯ ಸಂಗಾತಿ. ಅದಕ್ಕೆ ಎಂಥ ಕಾರ್ಬೈಡ್ ತುದಿ ಕೊಳ್ಳಬೇಕೆಂದು ಸದಸ್ಯರು ಕೆಲವರು ಕೇಳಿದ್ದುಂಟು.

ಬೆಂಗಳೂರಿನ ವರ್ಕ್‌ಶಾಪುಗಳಲ್ಲಿ ಇದಕ್ಕೆ ‘ವಿಡಿಯಾ’ ಎಂದೇ ಹೆಸರು. ‘ವಜ್ರದಂತೆ’ ಎಂಬ ಜರ್ಮನ್ ಮಾತಿನಿಂದ ಕ್ರುಪ್ ಕಂಪನಿ 1920ರ ದಶಕದಲ್ಲಿ ಕಟ್ಟಿದ ಹೆಸರದು. ಟಂಗ್‌ಸ್ಟನ್ ಕಾರ್ಬೈಡಿನ ಕಣಗಳನ್ನು ಕೋಬಾಲ್ಟ್ ಲೋಹ ಅಂಟಿನಂತೆ ಹಿಡಿದಿರುತ್ತದೆ. ಗಡಸು ಬಹಳ, ಆದರೆ ಪೆಟ್ಟು ತಾಳದು.

ಡಬ್ಬಿಯ ಮೇಲೆ ಸಿಸಿಎಂಟಿ 060204 ಎಂದಿದ್ದರೆ, ಕೊನೆಯ 04 ಮೂಗಿನ ದುಂಡನ್ನು ಹೇಳುತ್ತದೆ: ತ್ರಿಜ್ಯ 0.4 ಮಿ.ಮೀ. ದುಂಡು ದೊಡ್ಡದಾದಷ್ಟೂ ತುದಿ ಗಟ್ಟಿ, ನಿಜ. ಆದರೆ ಅದು ಕೆಲಸದ ತುಂಡನ್ನು ಹೆಚ್ಚು ತಳ್ಳುತ್ತದೆ, ಹಗುರವಾದ ಲೇತ್ ಅದುರುತ್ತದೆ. ಆದ್ದರಿಂದ 02 ಅಥವಾ 04 ಸಾಕು. ಅಲ್ಯೂಮಿನಿಯಮ್ಮಿಗೆಂದು ಮಾರುವ ಹರಿತವಾದ ಸಿಸಿಜಿಟಿ ತುದಿ, ಉಕ್ಕಿನ ಮೇಲೆ ತೆಳುವಾದ ಕಟ್‌ಗೂ ಒದಗುತ್ತದೆ.

ತುದಿ ಮೊಂಡಾದರೆ ತಿರುಗಿಸಿ ಇನ್ನೊಂದು ಮೂಲೆ ಬಳಸಿರಿ. ಸಾಣೆಗೆ ಮಾತ್ರ ಹಿಡಿಯಬೇಡಿರಿ. ರಸಾಯನಶಾಸ್ತ್ರದವರಾದ ನಾವು ಇದನ್ನು ಒತ್ತಿ ಹೇಳುತ್ತೇವೆ: ಕೋಬಾಲ್ಟ್ ಬೆರೆತ ಆ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸಬಲ್ಲದು. ನಮ್ಮ ಬೇಸ್‌ಮೆಂಟುಗಳಲ್ಲಿ ಮಕ್ಕಳೂ ಆಡುತ್ತಾರೆ. ಸವೆದ ತುದಿ ಹೋದರೆ ಹೋಗಲಿ, ಹೊಸದು ಅಂಗಡಿಯಲ್ಲಿ ಸಿಗುತ್ತದೆ.