88ರ ನಂಬರ್ ಕಟಗೊಂಡು ಏನ್ ಮಾಡೂದದ?

ವೈನಿ, ಅಕ್ಕಾ, ಈ ಸಲ ಉಪ್ಪಿನಕಾಯಿ, ಚಟ್ನಿಪುಡಿ ಸುದ್ದಿ ಇಲ್ಲ. ಅಮೇರಿಕಾದಾಗ ಮಗನ ಮನಿಗೆ ಬಂದು ಮೂರು ತಿಂಗಳಾತು. ಮೊಮ್ಮಗ ಬೇಸ್‌ಬಾಲ್ ವಿಡಿಯೋ ಗೇಮ್ ಆಡೂದು ನೋಡಿ ನೋಡಿ ನನ್ನ ತಲಿನೂ ಕೆಟ್ಟದ. ನಗ್ರಿ ಬೇಕಾದ್ರ, ನಾ ಬರಿಯಾಕಿನ.

ಆಟದ ಹೆಸರು ಎಂಎಲ್‌ಬಿ ದ ಶೋ. ಒಬ್ಬೊಬ್ಬ ಆಟಗಾರಗ ಒಂದೊಂದು ನಂಬರ್, ಅದಕ್ಕ ಓವರಾಲ್ ಅಂತಾರ. ನಮ್ಮ ಹುಡುಗ 88ರವನ್ನ ಆಡಸ್ತಾನ, 71ರವನ್ನ ಬೆಂಚಿಗೆ ಕೂಡಸ್ತಾನ. ಆ 71ರವ ಇಳದಾಗೆಲ್ಲಾ ಚೆಂಡು ಹೊಡೀತಾನ, 88ರವ ಗಾಳಿಗೆ ಬ್ಯಾಟ್ ಬೀಸಿ ಬರ್ತಾನ. ಅವನ್ನ ಇಳಸೋ ಅಂದ್ರ "ಅಜ್ಜಿ, ರೇಟಿಂಗ್ ಕಡಿಮಿ ಅದ" ಅಂತಾನ. ಅಪ್ಪನೂ ಅವನ ಕಡೆನ. ಪಿಯುಸಿ ಓದಿದಾಕಿಗೆ ನಂಬರ್ ಏನ್ ತಿಳೀತದ ಅಂತ ಇಬ್ಬರೂ ನಕ್ಕರು.

ತಿಳೀತದರೀ. ಓವರಾಲ್ ಅಂದ್ರ ಹೊಡೆತ, ಓಟ, ಕ್ಯಾಚು, ಎಸೆತ ಎಲ್ಲಾ ಕಲಸಿದ ಕಿಚಡಿ. ಬಲಗೈ ಪಿಚರ್‌ಗೆ ಹೆಂಗ ಹೊಡೀತಾನ, ಎಡಗೈಯವಗ ಹೆಂಗ ಅಂತ ಒಳಗ ಬ್ಯಾರೆ ಬ್ಯಾರೆ ನಂಬರ್ ಇರ್ತಾವ. ತಗಸಿ ನೋಡಿದ್ರ 71ರವನ ಕ್ಯಾಚು, ಎಸೆತ ದರಿದ್ರ, ಹೊಡೆತ ಭಾಳ ಛಲೋ. ಇವರಿಗೆ ಬೇಕಾಗಿದ್ದು ಬರೇ ಬ್ಯಾಟ್ ಮಾಡೋ ಡಿಎಚ್! ಹಪ್ಪಳ ಲಟ್ಟಸಾಕ ಕರದಾಕಿಗೆ ರಂಗೋಲಿ ಮಾರ್ಕ್ಸ್ ಯಾಕ ಕೇಳ್ತೀರಿ?

ಹಂಗಂತ ನಾಕು ಆಟ ನೋಡಿ ಕುಣಿಯಾಕಿ ನಾ ಅಲ್ಲ. ಈ ಆಟದಾಗ ಹತ್ತರಾಗ ಮೂರು ಸಲ ಹೊಡದವನ ದೊಡ್ಡಾಂವ, ಅಂದಮ್ಯಾಲೆ ಹತ್ತು ಸಲದ ಲೆಕ್ಕದಾಗ ನಸೀಬನ ಹೆಚ್ಚು. ಅದಕ್ಕ ಹಾಲಿನ ಲೆಕ್ಕ ಬರಧಂಗ ಕ್ಯಾಲೆಂಡರ್ ಹಿಂದ ಬರಕೋತ ಬಂದೆ. 71ರವ 62 ಸಲದಾಗ 23 ಹಿಟ್. 88ರವ 64ರಾಗ 14. ಇದೂ ಕಡಿಮಿ ಅಂತೀರಿ? ಒಪ್ಪಿದೆ. ಆದ್ರ ಬೆಂಚಿನ ಮ್ಯಾಲೆ ಕೂಡಿಸಿದ್ರ ಲೆಕ್ಕ ಬೆಳೆಯೂದು ಹೆಂಗ? ಕಂಪ್ಯೂಟರ್ ತಾನ ಆಡಿ ಮುಗಸೂದಾದ್ರ ರೇಟಿಂಗ್ ನಂಬ್ರಿ. ಇಲ್ಲಿ ಹೊಡಿಯೂದು ಹುಡುಗನ ಬೆರಳು. ಯಾವನ ಕೂಡ ಅವನ ಬೆರಳಿನ ತಾಳ ಕೂಡ್ತದ ಅನ್ನೂದು ಆ ನಂಬರಿಗೆ ಗೊತ್ತಿಲ್ಲ.

ಖರೇ ಆಟದಾಗೂ ಮೈಕ್ ಪಿಯಾಝಾ ಅನ್ನಾಂವನ್ನ 1988ರಾಗ 62ನೇ ಸುತ್ತಿನ್ಯಾಗ ಆರಿಸಿದ್ರು, ಅದೂ ಡಾಡ್ಜರ್ಸ್ ಮ್ಯಾನೇಜರ್ ಲಸೋರ್ಡಾ ಅವರ ಅಪ್ಪನ ಗೆಳ್ಯಾ ಅಂತ. ಅವನಕಿಂತ ಮದಲ 1,389 ಹುಡುಗ್ರನ್ನ ಆರಿಸ್ಯಾರ! ಅವ 427 ಹೋಮ್ ರನ್ ಹೊಡದು 2016ರಾಗ ಹಾಲ್ ಆಫ್ ಫೇಮ್‌ಗೆ ಹೋದ.

ನನಗ ಸಿಟ್ಟು ಬಂದದ್ದು ಯಾಕ ಹೇಳ್ಲಿ? ಹೋದ ತಿಂಗಳ ಇದ ಹುಡುಗನ್ನ ಊರ ಟೀಮಿನ ಟ್ರೈಔಟಿನ್ಯಾಗ ಕಡಿಮಿ ನಂಬರ್ ಹಾಕಿ ಹೊರಗ ಕೂಡಿಸಿದ್ರು. "ಒಂದು ಆಟನೂ ಆಡಸಲಿಲ್ಲ ಅಜ್ಜಿ" ಅಂತ ರಾತ್ರಿ ನನ್ನ ಸೆರಗಿನ್ಯಾಗ ಮಾರಿ ಇಟ್ಟು ಅತ್ತ. ಆ ಮಾತು ನೆನಪು ಮಾಡಿ ಕೊಟ್ಟೆ. ಸುಮ್ಮನಾದ.

ನಿನ್ನೆ 71ರವನ್ನ ಇಳಿಸಿದ. ಎರಡು ಸಲ ಔಟ್. ಅಪ್ಪಾ ಮಗಾ ಇಬ್ಬರೂ ನನ್ನ ಮಾರಿ ನೋಡಿದ್ರು. ಕ್ಯಾಲೆಂಡರ್ ಹಿಂದ ಅದನ್ನೂ ಬರಕೊಂಡೇನಿ, 64ರಾಗ 23.