ಮಾಸ್ಕ್ ಹಂಚಿದರೆ ಮುಗಿಯಿತೇ?

‘ಕಾರ್ಖಾನೆಗಳಿಗೆ ಔದ್ಯೋಗಿಕ ನೈರ್ಮಲ್ಯ ತಜ್ಞರು ಅನಗತ್ಯ ಖರ್ಚು, ಸುರಕ್ಷತಾ ಅಧಿಕಾರಿಗೆ ಎರಡು ದಿನದ ಕಾರ್ಯಾಗಾರ, ಕಾರ್ಮಿಕರಿಗೆ ಮಾಸ್ಕ್ ಸಾಕು’ ಎಂಬ ಕಳೆದ ಸಂಚಿಕೆಯ ಲೇಖನದ ವಾದ ಅಪಾಯಕಾರಿ.

ಲೇಖಕರು ಒಮ್ಮೆ ಗ್ರಾನೈಟ್ ಕತ್ತರಿಸುವ ಶೆಡ್ಡಿಗೆ ಹೋಗಿ ನೋಡಲಿ. ಕಣ್ಣಿಗೆ ಕಾಣುವ ದೂಳು ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ಕಾಯಿಲೆ ತರುವ ಸಿಲಿಕಾ ಕಣ 10 ಮೈಕ್ರಾನ್‌ಗಿಂತ ಸಣ್ಣದು. ಅದನ್ನು ಅಳೆಯಲು ಕಾರ್ಮಿಕನ ಸೊಂಟಕ್ಕೆ ಪುಟ್ಟ ಪಂಪ್ ಕಟ್ಟಿ, ಕಾಲರ್‌ಗೆ ಫಿಲ್ಟರ್ ಸಿಕ್ಕಿಸಿ, ಪಾಳಿಯುದ್ದಕ್ಕೂ ಗಾಳಿಯ ಮಾದರಿ ಹಿಡಿಯಬೇಕು. ಪಂಪ್ ಗಾಳಿ ಎಳೆಯುವ ಪ್ರಮಾಣ ಏರುಪೇರಾದರೆ ಇಡೀ ಲೆಕ್ಕವೇ ತಪ್ಪು. ಇದು ಔದ್ಯೋಗಿಕ ನೈರ್ಮಲ್ಯ ತಜ್ಞರ ಕೆಲಸ, ಎರಡು ದಿನದಲ್ಲಿ ಕೈಹತ್ತುವ ವಿದ್ಯೆಯಲ್ಲ.

ಮಾಸ್ಕ್ ಕೊನೆಯ ಉಪಾಯ. ನೀರು ಹಾಯಿಸಿ ಕತ್ತರಿಸುವುದು, ದೂಳು ಏಳುವಲ್ಲೇ ಅದನ್ನು ಹೀರಿಕೊಳ್ಳುವುದು ಮೊದಲು ಆಗಬೇಕಾದ ಕೆಲಸ. ಮುಖಕ್ಕೆ ಬಿಗಿಯಾಗಿ ಕೂರದ ಮಾಸ್ಕಿನ ಅಂಚಿನಿಂದ ದೂಳು ಸಲೀಸಾಗಿ ಒಳನುಗ್ಗುತ್ತದೆ.

ಈ ಅಪಾಯ ಹೊಸದೇನಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಸಿಲಿಕೋಸಿಸ್ ಇರುವುದು 1940ರ ದಶಕದಲ್ಲೇ ದಾಖಲಾಗಿತ್ತು. ಭೋಪಾಲ್ ಅನಿಲ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಕೆಲಸದ ಜಾಗದ ಗಾಳಿಯಲ್ಲಿ ರಾಸಾಯನಿಕಗಳು ಎಷ್ಟಿರಬಹುದೆಂಬ ಮಿತಿಯನ್ನೂ ಗೊತ್ತುಮಾಡಲಾಯಿತು. ಅಳೆಯಬಲ್ಲವರೇ ಇಲ್ಲದಿದ್ದರೆ ಆ ಮಿತಿಗೆ ಕಾಗದದಾಚೆ ಬೆಲೆಯೆಲ್ಲಿ?

ಸಣ್ಣ ಘಟಕಗಳಿಗೆ ಪೂರ್ಣಾವಧಿ ತಜ್ಞರ ಸಂಬಳ ಭಾರವೆಂಬುದು ನಿಜ. ಹಾಗಾದರೆ ಒಂದು ಕೈಗಾರಿಕಾ ಪ್ರದೇಶದ ಘಟಕಗಳೆಲ್ಲ ಸೇರಿ ತರಬೇತಾದ ಒಬ್ಬರನ್ನು ನೇಮಿಸಿಕೊಳ್ಳಲಿ. ಸಿಲಿಕೋಸಿಸ್ ಗುಣಪಡಿಸುವ ಮದ್ದಿಲ್ಲ. ಬಾರದಂತೆ ತಡೆಯುವುದೊಂದೇ ದಾರಿ. ಆ ದಾರಿ ಬಲ್ಲ ತಜ್ಞರನ್ನು ಅನಗತ್ಯ ಖರ್ಚೆನ್ನುವುದು ಕಾರ್ಮಿಕರಿಗೆ ಮಾಡುವ ಅನ್ಯಾಯ.