ಬೆಕ್ಕಿಗೂ ಚಿಕಿತ್ಸೆ ಬೇಡವೇ?

ಮಕ್ಕಳೇ, ಹಸು ಮೇವು ಬಿಟ್ಟರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಕಾದಾಡಿ ಬಂದ ಬೆಕ್ಕು ಹಾಲು ಮುಟ್ಟದೆ ಮೂಲೆ ಸೇರಿದರೆ ಮಾತ್ರ ‘ನೆಕ್ಕಿ ನೆಕ್ಕಿ ತಾನೇ ವಾಸಿ ಮಾಡಿಕೊಳ್ಳುತ್ತದೆ ಬಿಡು’ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಚೂಪು. ಅದು ಚುಚ್ಚಿದ ತೂತು ಚಿಕ್ಕದು, ಆದರೆ ಆಳ. ಮೇಲಿನ ಚರ್ಮ ಬೇಗ ಕೂಡಿಕೊಳ್ಳುತ್ತದೆ. ಹಲ್ಲಿನೊಡನೆ ಒಳಹೊಕ್ಕ ಬ್ಯಾಕ್ಟೀರಿಯಾಗಳು ಅಲ್ಲೇ ಉಳಿದು ವೃದ್ಧಿಯಾಗುತ್ತವೆ. ಕೆಲವೇ ದಿನಗಳಲ್ಲಿ ಕೀವು ತುಂಬಿ ಊದಿಕೊಳ್ಳುತ್ತದೆ, ಜ್ವರವೂ ಬರುತ್ತದೆ. ಹೊರಗೆ ರಕ್ತವೇ ಕಾಣದಿದ್ದರೂ ಬೆಕ್ಕು ಮಂಕಾಗಲು ಇದು ಕಾರಣವಿರಬಹುದು. ನಾಲಿಗೆ ಚರ್ಮಕ್ಕೆ ಎಟುಕೀತು, ಒಳಗಿನ ಕೀವಿಗೆ ಎಟುಕೀತೇ?

ಜ್ವರವೆಂದು ನಮ್ಮ ಪ್ಯಾರಸಿಟಮಾಲ್ ಮಾತ್ರೆಯನ್ನಂತೂ ಕೊಡಲೇಬಾರದು. ಅದನ್ನು ನಿರಪಾಯಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒಂದೇ ಮಾತ್ರೆ ಜೀವ ತೆಗೆಯಬಹುದು. ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ಯುವುದೇ ಸರಿ. ಅದೇನು ಹಸು, ಎಮ್ಮೆಗಳಿಗಷ್ಟೇ ಕಟ್ಟಿಸಿದ್ದಲ್ಲ.

ಆದರೆ ಬುಟ್ಟಿಗೆ ಎತ್ತಿಡುವ ಕೆಲಸ ದೊಡ್ಡವರದು. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚೀತು. ಕಚ್ಚಿದರೆ, ಪರಚಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರಬಹುದು.